ಐದು ಅಂಕ, ಅರ್ಧ ಗಂಟೆ

ಕೋಪ ನನಗೆ ಮೂಗಿನ ತುದಿಯಲ್ಲೇ ಇರುತ್ತದೆ. ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜಿ ಅಳತೆಗೆ ತರುವ ಕೆಲಸ ನನ್ನದು; ಕೂದಲೆಳೆಯಷ್ಟು ಆಚೀಚೆಯಾದರೂ ಇಡೀ ಗಾಜನ್ನೇ ಎಸೆಯಬೇಕು. ಮನೆಯಲ್ಲೂ ಅದೇ ಬುದ್ಧಿ. ಹಜಾರದ ಮೂಲೆಯಲ್ಲಿ, ನಲವತ್ತು ಲೀಟರಿನ ಗಾಜಿನ ತೊಟ್ಟಿಯೊಳಗೆ ಒಂದು ಚೂರು ಕಡಲನ್ನು ಸಾಕಿಕೊಂಡಿದ್ದೆ: ನಾಲ್ಕು ಹವಳ, ಒಂದು ಸಿಗಡಿ, ಒಂದು ಕಿತ್ತಳೆ ಬಣ್ಣದ ಮೀನು. ನೀರಿನ ಉಪ್ಪು ಮಾಪಕದಲ್ಲಿ ಮೂವತ್ತೈದು ಅಂಕದಲ್ಲೇ ನಿಲ್ಲಬೇಕು. ನಿಲ್ಲಿಸುವುದೇ ಕಷ್ಟ. ನೀರು ದಿನಾ ಆರುತ್ತದೆ, ಉಪ್ಪು ಆರುವುದಿಲ್ಲ. ಹಾಗಾಗಿ ಆರಿದಷ್ಟು ಸಿಹಿನೀರನ್ನು ಪ್ರತಿದಿನ ತುಂಬುತ್ತಿರಬೇಕು.

ಅಂಗಡಿಯ ಹೊಸ ಯಂತ್ರ ಕಲಿಯಲು ಒಂಬತ್ತು ದಿನ ಬೇರೆ ಊರಿಗೆ ಹೋಗಬೇಕಾಗಿ ಬಂತು. ತೊಟ್ಟಿಯನ್ನು ಮಾವನಿಗೆ ಒಪ್ಪಿಸಿದೆ.

"ಅಪ್ಪನ ಕೈಗಾ? ತಲೆ ಕೆಟ್ಟಿದೆಯಾ ನಿಂಗೆ?" ಎಂದರು ನನ್ನ ಗಂಡ.

ಅವರು ಹಾಗೆನ್ನಲು ಕಾರಣವಿತ್ತು. ಮಾವ ಆ ವರ್ಷ ಎರಡು ಸಲ ಗ್ಯಾಸ್ ಆರಿಸಲು ಮರೆತಿದ್ದರು. ಅಂದಿನಿಂದ ಒಲೆ ಮುಟ್ಟುವಂತಿಲ್ಲ, ಒಬ್ಬರೇ ಹೊರಗೆ ಹೋಗುವಂತಿಲ್ಲ. ಮೂವತ್ತೆರಡು ವರ್ಷ ಔಷಧಿ ಅಂಗಡಿಯಲ್ಲಿ ಮಾತ್ರೆ ಎಣಿಸಿ, ಮದ್ದು ಅಳೆದುಕೊಟ್ಟ ಮನುಷ್ಯ ಈಗ ಸೋಫಾದಲ್ಲಿ ಕೂತು, "ನನ್ನ ತಲೆ ಹೋಗ್ತಾ ಇದೆಯೇನಮ್ಮಾ?" ಎಂದು ಕೇಳುತ್ತಿದ್ದರು. ಒಂದು ಕೆಲಸವನ್ನು ಅವರೇ ಪೂರ್ತಿ ಮಾಡಿ ಮುಗಿಸಿದರೆ ಆ ಭಯ ಬಿಟ್ಟುಹೋದೀತು ಎಂದು ನನಗನ್ನಿಸಿತು.

"ನೀರು ಈ ಗೆರೆಯಿಂದ ಕೆಳಗಿಳಿದ್ರೆ ಮತ್ತೆ ಗೆರೆವರೆಗೆ ತುಂಬಿಸಿ ಮಾವ, ಅಷ್ಟೇ," ಎಂದು ಹೇಳಿ ಹೊರಟೆ.

ನಾನು ವಾಪಸ್ ಬಂದಾಗ ಮಾವ ಬಾಗಿಲಲ್ಲೇ ಕಾಯುತ್ತಿದ್ದರು. ನೀರು ಸರಿಯಾಗಿ ಗೆರೆಯ ಮೇಲೇ ನಿಂತಿತ್ತು. ಹವಳಗಳು ತುಸು ಮುದುಡಿದ್ದವು, ಸಿಗಡಿ ಓಡಾಡಿಕೊಂಡಿತ್ತು. ಉಪ್ಪು ಅಳೆದು ನೋಡಿದೆ. ನಲವತ್ತು!

"ಯಾವ ನೀರು ಹಾಕಿದ್ರಿ?"

"ಆ ಕ್ಯಾನಿಂದು. ಉಪ್ಪು ಕಲಸಿ ಇಟ್ಟಿದ್ಯಲ್ಲ. ಉಪ್ಪುನೀರು ಕಮ್ಮಿಯಾದ್ರೆ ಉಪ್ಪುನೀರೇ ತಾನೆ ಹಾಕ್ಬೇಕು?"

ಅದು ವಾರಕ್ಕೊಮ್ಮೆ ನೀರು ಬದಲಿಸಲೆಂದು ನಾನು ಕಲಸಿಟ್ಟಿದ್ದ ಕ್ಯಾನು. ಪಿತ್ತ ನೆತ್ತಿಗೇರಿತು. ಬಾಯಿಬಿಟ್ಟು ಬೈಯಲಿಲ್ಲ, ಮುಖ ಗಂಟಿಕ್ಕಿಕೊಂಡು ಬಕೆಟ್ ತಂದೆ. ಐದು ಲೀಟರ್ ತೆಗೆದು ಅಷ್ಟೇ ಸಿಹಿನೀರು ಸುರಿದೆ. ಅರ್ಧ ಗಂಟೆಯಲ್ಲಿ ಅಳತೆ ಮೂವತ್ತೈದಕ್ಕೆ ಬಂತು.

ಮರುದಿನ ಬೆಳಿಗ್ಗೆ ಸಿಗಡಿ ಬೆಳ್ಳಗಾಗಿ ಮಗುಚಿ ಬಿದ್ದಿತ್ತು. ಎರಡು ಹವಳಗಳ ಮೈ ಲೋಳೆಯಾಗಿ ಕಳಚುತ್ತಿತ್ತು.

"ನಾನು ಹೇಳಿರ್ಲಿಲ್ವಾ?" ಎಂದರು ಗಂಡ, ತಿಂಡಿಯ ತಟ್ಟೆಯ ಮುಂದೆ ಕೂತು.

"ಅವನು ಹೇಳಿದ್ದೇ ಸರಿ," ಎಂದರು ಮಾವ. ತಮ್ಮ ಮಾತ್ರೆಯ ಡಬ್ಬಿಯನ್ನು ನನ್ನ ಕಡೆಗೆ ಸರಿಸಿದರು. "ಇನ್ಮೇಲೆ ಇದನ್ನೂ ನೀನೇ ಎಣಿಸಿ ಕೊಡಮ್ಮ. ನನ್ನ ಕೈಗೆ ಏನೂ ಬೇಡ."

ಸತ್ಯ ನನಗೊಬ್ಬಳಿಗೇ ಗೊತ್ತಿತ್ತು. ಒಂಬತ್ತು ದಿನ ಇಷ್ಟಿಷ್ಟೇ ಏರಿದ ಉಪ್ಪನ್ನು ಆ ಜೀವಗಳು ಹೇಗೋ ತಾಳಿಕೊಂಡಿದ್ದವು. ಅರ್ಧ ಗಂಟೆಯಲ್ಲಿ ಧಡಕ್ಕನೆ ಇಳಿದದ್ದನ್ನು ತಾಳಲಿಲ್ಲ. ಯಾವ ನೀರು ಹಾಕಬೇಕೆಂದು ನಾನು ಹೇಳಿಯೂ ಇರಲಿಲ್ಲ. ಸುಮ್ಮನಿದ್ದರೆ ಯಾರಿಗೂ ತಿಳಿಯುವುದಿಲ್ಲ, ಎಂದೂ ತಪ್ಪು ಮಾಡದವಳೆಂಬ ನನ್ನ ಹೆಸರೂ ಹಾಗೇ ಉಳಿಯುತ್ತದೆ. ನಾಚಿಕೆಯಾಗುತ್ತದೆ ಹೇಳಲು, ಒಂದು ಲೋಟ ಕಾಫಿ ಮುಗಿಯುವಷ್ಟು ಹೊತ್ತು ನಾನು ಸುಮ್ಮನೇ ಇದ್ದೆ.

"ಕೊಂದಿದ್ದು ನಾನು ಮಾವ," ಎಂದೆ ಕೊನೆಗೆ. ನಡೆದದ್ದನ್ನೆಲ್ಲ ಹೇಳಿದೆ.

"ಐದು ಅಂಕ. ಎಷ್ಟು ಹೊತ್ತಲ್ಲಿ ಇಳಿಸಿದೆ ಅಂದೆ?" ಎಂದು ಕೇಳಿದರು ಮಾವ.

"ಅರ್ಧ ಗಂಟೆ."

"ಎಷ್ಟು ದಿನ ತಗೋಬೇಕಿತ್ತು?"

"ಒಂದು ವಾರ."

ಮಾವ ಕುರ್ಚಿಯಿಂದ ಎದ್ದೇಬಿಟ್ಟರು. "ಗೊತ್ತಿದ್ದೂ ಮಾಡಿದ್ಯಾ? ಏಳು ದಿನದ ಮದ್ದನ್ನ ಒಂದೇ ಗುಟುಕಿಗೆ ಕುಡಿಸ್ತಾರಾ ಯಾರಾದ್ರೂ? ಯಾವ ನೀರು ಅಂತ ಹೇಳೋಕೆ ಬಾಯಿರ್ಲಿಲ್ವಾ ನಿಂಗೆ?"

ಮದುವೆಯಾಗಿ ಹನ್ನೊಂದು ವರ್ಷವಾಗಿತ್ತು. ಅವರು ನನ್ನನ್ನು ಗದರಿದ್ದು ಅದೇ ಮೊದಲು. ಗಂಡ ಏನೋ ಹೇಳಲು ಬಾಯಿ ತೆರೆದರು, ನಾನು ಕೈಸನ್ನೆ ಮಾಡಿ ಸುಮ್ಮನಾಗಿಸಿದೆ. ಬೈಯಲಿ, ಇನ್ನಷ್ಟು ಬೈಯಲಿ ಅನ್ನಿಸುತ್ತಿತ್ತು.

"ಸರಿ, ಮೀನಿದೆ, ಇನ್ನೆರಡು ಹವಳ ಇವೆ," ಎಂದರು ಬೈದು ಸಾಕಾದ ಮೇಲೆ. "ಅವು ಉಳೀಬೇಕಾದ್ರೆ ಏನು ಮಾಡ್ಬೇಕು ಹೇಳು. ನಿಧಾನಕ್ಕೆ ಹೇಳು."

ತಪ್ಪು ಮಾಡಿದ ಮಗುವಿನಂತೆ ನಿಂತು ಒಂದೊಂದಾಗಿ ಒಪ್ಪಿಸಿದೆ. ಮಾವ ಔಷಧಿ ಚೀಟಿ ಪರಿಶೀಲಿಸುವವರಂತೆ ನಡುವೆ ಎರಡು ಸಲ ತಡೆದು, "ಅದಕ್ಕೆ ಮೊದಲು ಏನೋ ಬಿಟ್ಟೆಯಲ್ಲ?" ಎಂದು ಕೇಳಿದರು. ಎರಡು ಸಲವೂ ನಾನು ಬಿಟ್ಟಿದ್ದೆ.