ನೋಡೋಣಕ್ಕನ ಫೋಟೋ

ಮಗಳು ಕಂದು ಕಾಗದವನ್ನು ಬಿಚ್ಚಿ, ಫೋಟೋವನ್ನು ಅಡಿಗೆಮನೆಯ ಮೇಜಿನ ಮೇಲೆ ಗೋಡೆಗೆ ಒರಗಿಸಿ, ಒಂದು ಹೆಜ್ಜೆ ಹಿಂದೆ ಸರಿದಳು. ಅಪ್ಪ ಮುಂದೆ ಬಗ್ಗಿ ನೋಡಿದರು. ಆಮೇಲೆ, ಹೊಸಬರ ಬಗ್ಗೆ ವಿಚಾರಿಸುವ ಮರ್ಯಾದೆಯಲ್ಲಿ ಕೇಳಿದರು:

"ಚೆನ್ನಾಗಿದ್ದಾರೆ. ಯಾರು ಇವರು?"

ಅವಳು ಫೋಟೋವನ್ನು ಅವರತ್ತ ಇನ್ನಷ್ಟು ಸರಿಸಿದಳು. "ಅಮ್ಮ ಕಣಪ್ಪ."

"ನಿಮ್ಮಮ್ಮ ಕೆಲಸಕ್ಕೆ ಹೋಗಿದ್ದಾಳೆ. ಬರೋ ಹೊತ್ತಾಯ್ತು."

ಅಪ್ಪನ ನೆನಪು ಎರಡು ವರ್ಷದಿಂದ ಸೋರಿಹೋಗುತ್ತಿತ್ತು. ಮೊನ್ನೆ ಅಮ್ಮ ತೀರಿಕೊಂಡಾಗ, ಕಾಯಿಲೆಯಿಂದ ಊದಿಕೊಂಡಿದ್ದ ಮುಖವನ್ನು ನೋಡಿ "ಇದು ಬೇರೆ ಯಾರೋ" ಎಂದು ಹೊರಗೆ ನಡೆದುಬಿಟ್ಟಿದ್ದರು. ಆವತ್ತಿನಿಂದ ಅರ್ಧ ಗಂಟೆಗೊಮ್ಮೆ ಕೇಳುತ್ತಿದ್ದರು, ಅವಳು ಯಾಕಿನ್ನೂ ಬಂದಿಲ್ಲ ಅಂತ. ಕಾಯಿಲೆಗೆ ಮುಂಚಿನ ಫೋಟೋ ಒಂದನ್ನು ದೊಡ್ಡದು ಮಾಡಿಸಿ ದೇಹದ ಪಕ್ಕದಲ್ಲಿಟ್ಟರೆ ಗುರುತು ಹತ್ತಬಹುದು ಎಂದಿದ್ದರು ಡಾಕ್ಟರು. ಆ ಒಂದು ಮಾತನ್ನೇ ಮಗಳು ಗಟ್ಟಿಯಾಗಿ ಹಿಡಿದುಕೊಂಡಿದ್ದಳು. ಇವತ್ತು ಹನ್ನೆರಡಕ್ಕೆ ಅಂತ್ಯಕ್ರಿಯೆಯ ಹಾಲ್‌ನಲ್ಲಿ ಶವಪೆಟ್ಟಿಗೆ ಮುಚ್ಚುತ್ತಾರೆ. ಎಲ್ಲ ಮುಗಿದು ತಿಂಗಳಾದ ಮೇಲೆ ಅಪ್ಪನಿಗೆ ಥಟ್ಟನೆ ತಿಳಿದು, "ನನಗ್ಯಾಕೆ ಯಾರೂ ಹೇಳಲಿಲ್ಲ" ಎಂದು ಕೇಳಿದರೆ? ಆಗ ತೋರಿಸಲಿಕ್ಕೆ ಏನಿರುತ್ತದೆ?

ಅವಳು ಫೋಟೋವನ್ನು ಮತ್ತೆ ನೋಡಿದಳು. ಅಮ್ಮನ ಹಣೆಯ ಮೂರು ಗೆರೆಗಳಿಲ್ಲ. ಕಣ್ಣಂಚಿನ ಮಡಿಕೆಗಳಿಲ್ಲ. ಗಲ್ಲದ ಮೇಲಿನ ಹಳೆಯ ಗಾಯದ ಗುರುತೂ ಇಲ್ಲ. ಕೆನ್ನೆಗಳು ಸಿಪ್ಪೆ ಸುಲಿದ ಮೊಟ್ಟೆಯಂತೆ ಹೊಳೆಯುತ್ತಿದ್ದವು.

"ಬಿಡೇ," ಎಂದರು ಬಾಗಿಲಲ್ಲಿ ನಿಂತಿದ್ದ ಸೋದರಮಾವ. "ನಮ್ಮಕ್ಕ ಇಪ್ಪತ್ತು ವರ್ಷ ಚಿಕ್ಕವಳಾಗಿದ್ದಾಳೆ. ನೋಡಿದ್ರೆ ಖುಷಿಪಡ್ತಿದ್ಲು." ಆಮೇಲೆ ತಾವೇ ತಿದ್ದಿಕೊಂಡರು. "ಇಲ್ಲ. ವಾಪಸ್ ಕಳಿಸ್ತಿದ್ಲು."

"ಮಾವ, ಅಪ್ಪನ್ನ ನೀವು ಹಾಲ್‌ಗೆ ಕರ್ಕೊಂಡು ಹೋಗಿ," ಎಂದು ಅವಳು ಫೋಟೋವನ್ನು ಕಂಕುಳಲ್ಲಿಟ್ಟುಕೊಂಡು ಹೊರಟಳು. ಗಂಟೆ ಒಂಬತ್ತೂಕಾಲು.

ಫೋಟೋ ಅಂಗಡಿ ಹತ್ತು ನಿಮಿಷದ ದಾರಿ. ಅಲ್ಲಿನ ದೂರಿನ ಕೌಂಟರಿನಲ್ಲಿ ಅಮ್ಮ ಇಪ್ಪತ್ತೆಂಟು ವರ್ಷ ನಿಂತಿದ್ದಳು. ಮಗಳಿಗೆ ಆ ಅಂಗಡಿಯ ಮೇಲೆ ಎಂದೂ ಪ್ರೀತಿಯಿರಲಿಲ್ಲ. ಕೇಳಬೇಕಾದ ಮಾತುಗಳನ್ನು ದಾರಿಯುದ್ದಕ್ಕೂ ಮಸೆದುಕೊಂಡಳು: ನಿಮ್ಮಲ್ಲೇ ಸವೆದವಳ ಒಂದು ಫೋಟೋ ನೆಟ್ಟಗೆ ಮಾಡೋಕಾಗಲಿಲ್ವಾ ನಿಮಗೆ?

ಕೌಂಟರಿನ ಹಿಂದೆ ಇದ್ದಾಕೆ ನಲವತ್ತರ ಹೆಂಗಸು, ಕನ್ನಡಕವನ್ನು ದಾರದಲ್ಲಿ ಕತ್ತಿಗೆ ಇಳಿಬಿಟ್ಟುಕೊಂಡಿದ್ದಳು. ಅವಳಿಗೆ ಕೆಲಸ ಕಲಿಸಿದ್ದು ಅಮ್ಮನೇ. ಅವಳು ರಸೀದಿ ಕೇಳಲಿಲ್ಲ. ಕೌಂಟರನ್ನು ಬಳಸಿ ಈಚೆ ಬಂದು, ಮಗಳ ಪಕ್ಕದಲ್ಲಿ ನಿಂತು ಕೈ ಚಾಚಿದಳು.

"ಕೊಡಿ, ನೋಡೋಣ."

ಮಗಳು ಬೆಚ್ಚಿದಳು. ಯಾರು ಎಷ್ಟೇ ಕಿರುಚಿಕೊಂಡು ಬಂದರೂ ಅಮ್ಮ ಹೇಳುತ್ತಿದ್ದ ಮೊದಲ ಮಾತು ಅದು. ಗಿರಾಕಿಗಳು ಅವಳಿಗೆ ನೋಡೋಣಕ್ಕ ಎಂದೇ ಹೆಸರಿಟ್ಟಿದ್ದರು.

"ಇದ್ರಲ್ಲಿ ಏನಿರಬೇಕಿತ್ತು, ಏನು ಕಾಣ್ತಿಲ್ಲ, ಹೇಳಿ."

ಮಸೆದಿಟ್ಟ ಮಾತುಗಳೆಲ್ಲ ಎಲ್ಲಿ ಹೋದವೋ. "ನಮ್ಮಪ್ಪ ಗುರುತು ಹಿಡೀಲಿಲ್ಲ," ಎಂದಷ್ಟೇ ಬಂತು ಬಾಯಿಗೆ.

ಕೌಂಟರಿನ ಹೆಂಗಸು ಕನ್ನಡಕ ಏರಿಸಿ ಫೋಟೋವನ್ನು ಬೆಳಕಿಗೆ ಹಿಡಿದಳು. "ತಪ್ಪು ನಮ್ಮದೇ. ಹೊಸ ಮೆಷಿನ್ನು ಮುಖಾನ ತಾನಾಗೇ ನುಣುಪು ಮಾಡಿಬಿಡುತ್ತೆ. ಅದನ್ನ ಆಫ್ ಮಾಡ್ಬೇಕಿತ್ತು." ಕನ್ನಡಕ ಇಳಿಸಿದಳು. "ಪ್ಯಾಕ್ ಮಾಡಿದ್ದು ನಾನೇ. ಅವರ ಮುಖ ನೋಡೋಕಾಗದೆ ಬೇಗ ಸುತ್ತಿಬಿಟ್ಟೆ. ನೋಡಿದ್ರೆ ಗೊತ್ತಾಗ್ತಿತ್ತು."

"ಹನ್ನೆರಡಕ್ಕೆ ಪೆಟ್ಟಿಗೆ ಮುಚ್ತಾರೆ."

"ಹನ್ನೊಂದೂವರೆಗೆ ನಾನೇ ತರ್ತೀನಿ. ನೀವು ಅಪ್ಪನ ಹತ್ರ ಹೋಗಿ."

"ಖಂಡಿತ ಆಗುತ್ತಾ?"

"ಈ ಕೌಂಟರಲ್ಲಿ ನಿಂತು ಖಂಡಿತ ಅನ್ನಬಾರದು ಅಂತ ನಿಮ್ಮಮ್ಮನ ಕಟ್ಟಪ್ಪಣೆ. ಹೊತ್ತು ಹೇಳ್ಬೇಕು, ಅಷ್ಟೆ. ಹನ್ನೊಂದೂವರೆ."

*

ಮಗಳಿಗೆ ಆಗ ಹನ್ನೊಂದು ವರ್ಷ. ಒಂದು ಸಂಜೆ ಅಮ್ಮ ಕೆಲಸದಿಂದ ಬಂದವಳು ಕೈ ತೊಳೆದು, ಒರೆಸಿಕೊಳ್ಳುವುದನ್ನೇ ಮರೆತು ನಿಂತಿದ್ದಳು. ಬೆರಳುಗಳಿಂದ ನೀರು ನೆಲಕ್ಕೆ ತೊಟ್ಟಿಕ್ಕುತ್ತಿತ್ತು.

ಬಟ್ಟೆ ಹೊಲಿಯುವ ಹೆಂಗಸೊಬ್ಬಳು ತೀರಿಹೋದ ತಂಗಿಯ ಫೋಟೋವನ್ನು ದೊಡ್ಡದು ಮಾಡಿಸಲು ಕೊಟ್ಟಿದ್ದಳು. ಅವಳ ಬಳಿ ಇದ್ದದ್ದು ಅದೊಂದೇ. ಮೆಷಿನ್ನಿನ ಉರುಳೆ ಅದನ್ನು ಎಳೆದುಕೊಂಡು, ಮುಖದ ಮೇಲೇ ಹರಿದುಹಾಕಿತು. ಹಳೇ ಕಾಗದ, ತಾನೇ ಹರೀತು ಅಂತ ಹೇಳು ಎಂದರು ಮಾಲೀಕರು. ಅಮ್ಮ ಹಾಗೆ ಹೇಳಲಿಲ್ಲ. "ನಮ್ಮ ಕೈಯಲ್ಲಿ ಹಾಳಾಯ್ತು," ಎಂದಳು. ಹೊಲಿಗೆಯಾಕೆ ಬೈಯಲಿಲ್ಲ, ಅಳಲಿಲ್ಲ. ಕೌಂಟರಿನ ಮುಂದೆ ನೆಲದ ಮೇಲೆ ಕೂತುಬಿಟ್ಟಳು. ಅಮ್ಮನೂ ಅವಳ ಪಕ್ಕದಲ್ಲಿ ಕೂತು ಕೇಳಿದಳು: ನಿಮ್ಮ ತಂಗಿ ಎಲ್ಲಿ ಓದಿದ್ಲು, ಎಲ್ಲಿ ಕೆಲಸ ಮಾಡ್ತಿದ್ಲು, ಯಾರ ಜೊತೆ ಓಡಾಡ್ತಿದ್ಲು?

ಅಲ್ಲಿಂದ ಒಂಬತ್ತು ದಿನ ಅಮ್ಮ ಕೆಲಸ ಮುಗಿಸಿ ಮನೆ ಮನೆ ತಿರುಗಿದಳು. ಗೊತ್ತಿಲ್ಲದವರ ಆಲ್ಬಮ್ಮುಗಳನ್ನು ಬೇಡಿ ನೋಡಿದಳು. ಆರನೆಯ ದಿನ ಶಾಲೆಯಲ್ಲಿ ಮಗಳ ನಾಟಕವಿತ್ತು. ಎರಡನೇ ಸಾಲಿನಲ್ಲಿ ಅಪ್ಪನ ಪಕ್ಕದ ಕುರ್ಚಿ ಕೊನೆಯವರೆಗೂ ಖಾಲಿಯಾಗಿಯೇ ಇತ್ತು.

"ಮನೇಲಿರೋರು ದೂರು ಕೊಡೋಕೆ ಎಲ್ಲಿಗೆ ಬರ್ಬೇಕು?" ಎಂದು ಕೇಳಿದ್ದಳು ಮಗಳು.

ಅಮ್ಮ ಮಗಳ ಜಡೆಯ ರಿಬ್ಬನ್ ಬಿಚ್ಚಿ ಮಡಿಸಿಟ್ಟಳು. "ನಾಳೇನೂ ಹೋಗ್ಬೇಕು ಕಣೆ," ಎಂದಳು ಆಮೇಲೆ. "ಹೋಗದಿದ್ರೆ ನನಗೆ ಅನ್ನ ಇಳಿಯಲ್ಲ."

ಒಂಬತ್ತನೆಯ ದಿನ, ಆ ತಂಗಿ ಕೆಲಸ ಮಾಡಿದ್ದ ಕಾರ್ಖಾನೆಯ ಗುಂಪು ಫೋಟೋ ಸಿಕ್ಕಿತು. ನಾಲ್ಕನೇ ಸಾಲಿನಲ್ಲಿ ಉಗುರಿನಷ್ಟು ಮುಖ. ದೊಡ್ಡದು ಮಾಡಿದಾಗ ಮಸುಕಾಗಿಯೇ ಬಂತು. ಹೊಲಿಗೆಯಾಕೆ ಅದನ್ನು ತುಂಬಾ ಹೊತ್ತು ನೋಡಿ, "ನಗ್ತಿದ್ದಾಳೆ. ನನ್ನ ಹತ್ರ ಇದ್ದಿದ್ರಲ್ಲಿ ನಗ್ತಿರ್ಲಿಲ್ಲ," ಎಂದಳಂತೆ. ಅಮ್ಮ ಮನೆಗೆ ಬಂದು ಅದನ್ನು ಹೇಳುವಾಗ ಮಗಳು ಮುಖ ತಿರುಗಿಸಿ ಪುಸ್ತಕ ಬಿಚ್ಚಿದ್ದಳು.

*

ಹನ್ನೊಂದರ ಹೊತ್ತಿಗೆ ಹಾಲ್ ತುಂಬಿತ್ತು. ಅರ್ಧಕ್ಕರ್ಧ ಜನರ ಗುರುತೇ ಮಗಳಿಗಿರಲಿಲ್ಲ.

"ನೋಡೋಣಕ್ಕ ನನ್ನ ಮದುವೆ ಆಲ್ಬಂ ಮೂರು ಸಲ ಮಾಡಿಸಿಕೊಟ್ರು," ಎನ್ನುತ್ತಿದ್ದಳು ಒಬ್ಬಳು.

"ನನ್ನದು ನಾಲ್ಕು ಸಲ," ಎಂದ ಬೋಳುತಲೆಯ ಗೃಹಸ್ಥ. "ನಾಲ್ಕನೇ ಸಲಕ್ಕೆ ತಿಳೀತು, ಫೋಟೋ ಸರಿಯಾಗೇ ಇತ್ತು, ನನ್ನ ಮುಖವೇ ಹಾಗೆ ಅಂತ. ಅವರು ಒಂದು ಸಲವೂ ಹಾಗನ್ನಲಿಲ್ಲ ನೋಡಿ."

ಮಗಳ ಕಣ್ಣು ಗಡಿಯಾರ ಬಿಟ್ಟು ಕದಲಲಿಲ್ಲ. ಹನ್ನೊಂದೂವರೆ. ಬಾಗಿಲಲ್ಲಿ ಯಾರೂ ಇಲ್ಲ. ಹನ್ನೊಂದು ಮೂವತ್ತೈದು. ಅಂಗಡಿಗೆ ಫೋನ್ ಮಾಡಿದಳು, ಯಾರೂ ಎತ್ತಲಿಲ್ಲ. ಹಾಲ್‌ನ ಮೇಲ್ವಿಚಾರಕ ಹತ್ತಿರ ಬಂದು, ಹನ್ನೆರಡೂವರೆಗೆ ಇನ್ನೊಂದು ಕುಟುಂಬ ಬರುತ್ತದೆ ಎಂದು ತಗ್ಗಿದ ದನಿಯಲ್ಲಿ ನೆನಪಿಸಿಹೋದ.

ಅಪ್ಪ ಎದ್ದು ನಿಂತರು. "ನಾನು ಹೋಗಿ ಅವಳನ್ನ ಕರ್ಕೊಂಡು ಬರ್ತೀನಿ. ಇಷ್ಟೊಂದು ಜನ ಬಂದಿದ್ದಾರೆ, ಅವಳೇ ಇಲ್ಲ ಅಂದ್ರೆ ಏನು ಚೆಂದ?"

"ಭಾವ, ಸ್ವಲ್ಪ ಕೂತ್ಕೊಳ್ಳಿ," ಎಂದು ಸೋದರಮಾವ ತೋಳು ಹಿಡಿದರು. ಅಪ್ಪ ಕೊಸರಿಕೊಂಡು ಬಾಗಿಲ ಕಡೆ ನಡೆದೇಬಿಟ್ಟರು. ಜನ ಮಾತು ನಿಲ್ಲಿಸಿ ನೋಡತೊಡಗಿದರು. ಮಗಳು ಅಡ್ಡ ಹೋಗಿ ನಿಂತಳು.

ಬಾಗಿಲು ತೆರೆದದ್ದು ಹನ್ನೊಂದು ನಲವತ್ತೆಂಟಕ್ಕೆ. ಕೌಂಟರಿನ ಹೆಂಗಸು ಏದುಸಿರು ಬಿಡುತ್ತಿದ್ದಳು; ಗಾಜು ಹಾಕಿಸಿದ ಚೌಕಟ್ಟನ್ನು ಎರಡೂ ಕೈಯಲ್ಲಿ ಎದೆಗವಚಿಕೊಂಡಿದ್ದಳು.

"ಹದಿನೆಂಟು ನಿಮಿಷ ತಡ," ಎಂದಳು. "ಮೊದಲು ತೆಗೆದ ಪ್ರಿಂಟು ಕೆಂಪಗೆ ಬಂತು. ಅದನ್ನೇ ಕೊಟ್ಟಿದ್ರೂ ನೀವೇನೂ ಅಂತಿರ್ಲಿಲ್ಲ. ಆದ್ರೆ ಅವರ ಬಣ್ಣ ಅದಲ್ಲ. ಮತ್ತೆ ಹಾಕಿದೆ."

ಮಗಳು ಫೋಟೋವನ್ನು ತಿರುಗಿಸಿ ಅಪ್ಪನ ಎದುರು ಹಿಡಿದಳು. ಕೌಂಟರಿನ ಹೆಂಗಸು ಇನ್ನೊಂದು ಬದಿಯನ್ನು ಹಿಡಿದುಕೊಂಡಳು. ಹಣೆಯ ಗೆರೆಗಳು, ಕಣ್ಣ ಕೆಳಗಿನ ಕಪ್ಪು, ದಿನವಿಡೀ ನಿಂತು ಬಂದವಳ ದಣಿವು, ಎಲ್ಲ ಇದ್ದವು.

ಅಪ್ಪ ನೋಡಿದರು. ಬೆರಳೊಂದನ್ನು ಎತ್ತಿ ಗಾಜಿನ ಮೇಲೆ, ಗಲ್ಲದ ಗುರುತಿನ ಹತ್ತಿರ ಇಟ್ಟರು.

"ಡಬ್ಬದ ಮುಚ್ಚಳ ತಾಗಿದ್ದು," ಎಂದರು. "ಹೊಲಿಗೆ ಹಾಕಿಸೋಣ ಬಾ ಅಂದ್ರೆ ಕೇಳಲಿಲ್ಲ."

ಅಪ್ಪನ ನೋಟ ಫೋಟೋದಿಂದ ನಿಧಾನವಾಗಿ ಹೊರಟು, ಹಾಲ್‌ನ ಆ ತುದಿಯಲ್ಲಿದ್ದ ಪೆಟ್ಟಿಗೆಯನ್ನು ಮುಟ್ಟಿ, ಮಗಳ ಮುಖಕ್ಕೆ ಬಂತು.

"ಹೋದ್ಲಾ?"

"ಹೌದಪ್ಪ. ಮೊನ್ನೆ."

ಅಪ್ಪ ತಲೆಯಾಡಿಸಿದರು. "ಹೀಗೇ ಅವಳ ಮುಂದೆ ಹೋಗಿ ನಿಂತ್ರೆ ಬೈತಾಳೆ," ಎಂದರು. ಅಂಗಿಯ ಮೇಲಿನ ಗುಂಡಿಯನ್ನು ತಡವಿ ಹಾಕಿಕೊಂಡರು. ಆಮೇಲೆ ಜೇಬಿನಿಂದ ಪುಟ್ಟ ಬಾಚಣಿಗೆಯೊಂದನ್ನು ತೆಗೆದು, ಅಮ್ಮನ ಮುಖದ ಮೇಲಿನ ಗಾಜಿನಲ್ಲಿ ತಮ್ಮ ಮುಖವನ್ನು ಹುಡುಕಿ, ಬಗ್ಗಿ, ಅವಸರವಿಲ್ಲದೆ ತಲೆ ಬಾಚಿಕೊಳ್ಳತೊಡಗಿದರು. ಹೆಂಗಸರಿಬ್ಬರೂ ಚೌಕಟ್ಟನ್ನು ಅಲುಗಿಸದೆ ಹಿಡಿದು ನಿಂತರು.