ಸೇವ್ ಆಯಿತು

ಡಿಸ್ಕ್ ತುಂಬಿ ಫೈಲ್ ಬರೆಯಲಾಗದಿದ್ದರೆ ಟೆಸ್ಟಿನ ಮಾಹಿತಿ ಉಳಿಸುವ ನಮ್ಮ ಪೈಥಾನ್ ಸ್ಕ್ರಿಪ್ಟ್ ಬಾಯಿಬಿಟ್ಟು ಹೇಳಬೇಕು. ಹೇಳುತ್ತದೆಯೇ ಎಂದು ಪರೀಕ್ಷಿಸಲು ಬೇಕೆಂದೇ ಒಂದು ಸಣ್ಣ ಡ್ರೈವ್ ತುಂಬಿಸಿ ರನ್ ಮಾಡಿದೆ. ಪರದೆಯ ಮೇಲೆ ಹಸಿರು ಅಕ್ಷರದಲ್ಲಿ ‘ಸೇವ್ ಆಯಿತು’ ಎಂದು ಬಂತು. ನಾಲ್ಕು ಸಲ ರನ್ ಮಾಡಿದೆ. ನಾಲ್ಕು ಸಲವೂ ಅದೇ ಸುಳ್ಳು.

ಅಮೆರಿಕದ ಆಬರ್ನ್ ಹಿಲ್ಸ್‌ನ ನಮ್ಮ ಆಫೀಸಿನ ಸರ್ವರ್ ತೆರೆದೆ. ಚಳಿಗಾಲದಲ್ಲಿ ಹೆಪ್ಪುಗಟ್ಟಿದ ಕೆರೆಯ ಮೇಲೆ ಕಾರು ಓಡಿಸಿ ಮಾಡಿದ ಬ್ರೇಕ್ ಟೆಸ್ಟಿನ ಫೈಲುಗಳು ಅಲ್ಲಿದ್ದವು. ಫೆಬ್ರುವರಿ ಮೂರರಂದು ಡಿಸ್ಕ್ ತುಂಬಿತ್ತು. ಅಲ್ಲಿಂದಾಚೆಗಿನ ಒಂದೊಂದು ಫೈಲೂ ಖಾಲಿ.

ಸುದ್ದಿ ತಿಳಿದು ಮ್ಯಾನೇಜರ್ ಬದರೀನಾಥ್ ಓಡಿಬಂದರು. “ಸಿಂಧು, ನಾಳೆ ರಿಪೋರ್ಟ್ ಕೊಡ್ಬೇಕು. ಏನಾದ್ರೂ ಮಾಡಮ್ಮ. ಟೆಸ್ಟ್ ಇನ್ನೊಂದ್ಸಲ ಮಾಡಿಸೋಣ.”

“ಎಲ್ಲಿ ಸಾರ್? ಹೊರಗೆ ಅರವತ್ತೆಂಟು ಡಿಗ್ರಿ ಫ್ಯಾರನ್‌ಹೀಟ್ ಇದೆ, ಕೆರೆಯೆಲ್ಲ ಕರಗಿದೆ. ಐಸ್ ಎಲ್ಲಿಂದ ತರೋದು?”

ಅವರು ಕುರ್ಚಿಯಲ್ಲಿ ಕುಸಿದರು. “ಎರರ್ ಮುಚ್ಚಿಟ್ಟ ಮುಠ್ಠಾಳ ಯಾರು?”

ನಾನೂ ಮನಸ್ಸಿನಲ್ಲೇ ಅವನಿಗೆ ಹಿಡಿಶಾಪ ಹಾಕುತ್ತ ಸ್ಕ್ರಿಪ್ಟ್ ತೆರೆದೆ. ಯಾವ ಎರರ್ ಬಂದರೂ ನುಂಗಿಕೊಂಡು ಮುಂದೆ ಹೋಗು ಎನ್ನುವ ಸಾಲು ಸಿಕ್ಕಿತು. ಆಗ ನೆನಪಾಯಿತು. ಡೆಮೊದಲ್ಲಿ ಕ್ಲೈಂಟ್ ಮುಂದೆ ಎರರ್‌ನ ಕೆಂಪು ಅಕ್ಷರ ಬಂದರೆ ಮರ್ಯಾದೆ ಹೋಗುತ್ತದೆ ಎಂದು ಎರಡು ವರ್ಷದ ಹಿಂದೆ ಗೋಗರೆದವರು ಇದೇ ಬದರೀನಾಥ್.

ಪರದೆಯನ್ನು ಅವರ ಕಡೆ ತಿರುಗಿಸಿದೆ. ಆ ಸಾಲಿನ ಮೇಲೊಂದು ಟಿಪ್ಪಣಿಯಿತ್ತು: ‘ಡೆಮೊಗೆ ಮಾತ್ರ. ನಾಳೆಯೇ ತೆಗೆಯುತ್ತೇನೆ. ಸಿಂಧು.’