ನೀಲಿ ಕಾಗದದ ಮೇಲಿನ ಕಲ್ಲು

ಬೆಳಗ್ಗೆಯಿಂದ ಗೌರಮ್ಮನ ಕಾಲು ನೆಲದ ಮೇಲೆ ನಿಂತಿರಲಿಲ್ಲ. ಎಮ್ಮೆ ಹಾಲು ಮಾರಿ ನಾಲ್ಕು ವರ್ಷ ಕೂಡಿಟ್ಟು, ಒಂಟಿ ವಜ್ರದ ಮೂಗುಬೊಟ್ಟು ಕೊಳ್ಳಲು ಜಕ್ಕೂರಿನಿಂದ ಯಶವಂತಪುರಕ್ಕೆ ಹೊರಟಿದ್ದಳು. ಅದು ಎಂಬತ್ತೆರಡನೇ ಇಸವಿ. ಹಿಂದೊಮ್ಮೆ ಬಾಗಿಲಿಗೆ ಬಂದ ವ್ಯಾಪಾರಿಯಿಂದ ವಜ್ರವೆಂದು ಕೊಂಡದ್ದು ಎರಡೇ ವರ್ಷಕ್ಕೆ ಸವೆದು ಮಂಕಾಗಿತ್ತು. ಅಂದಿನಿಂದ ವಾರಗಿತ್ತಿ ಮುನಿಗಂಗಮ್ಮ ಹತ್ತು ಜನರೆದುರು, "ಅಕ್ಕ, ನಿನ್ ಸೋಡಾ ಬಾಟ್ಲಿ ಗೋಲಿ ಎಂಗದೆ?" ಎಂದು ಕೇಳುವುದನ್ನು ಬಿಟ್ಟಿರಲಿಲ್ಲ. ಇನ್ನೊಮ್ಮೆ ಮೋಸ ಹೋದರೆ ನೆಂಟರ ಮನೆಗೆ ಕಾಲಿಡುವಂತಿರಲಿಲ್ಲ.

ಅದಕ್ಕೇ ದಾನವ್ವನನ್ನು ಜೊತೆಗೆ ಕರೆದುಕೊಂಡಿದ್ದಳು. ತನ್ನ ಮನೆಯ ಹಿತ್ತಲ ಕೋಣೆಯಲ್ಲಿ ಬಾಡಿಗೆಗಿದ್ದ ಗದಗಿನ ಕಡೆಯ ಹೆಣ್ಣು. ವಾಚ್ ಫ್ಯಾಕ್ಟರಿಯಲ್ಲಿ ದಿನವಿಡೀ ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು ಸಾಸಿವೆಗಿಂತ ಸಣ್ಣ ಚಕ್ರಗಳನ್ನು ಕೂರಿಸುವವಳು.

ಯಶವಂತಪುರದ ವಜ್ರದಂಗಡಿಯ ರಹಮತುಲ್ಲಾ ಸಾಹೇಬರು ನೀಲಿ ಕಾಗದದ ಪೊಟ್ಟಣ ಬಿಚ್ಚಿ, ಅದರ ಮೇಲೇ ಎರಡು ಕಲ್ಲು ಇಟ್ಟರು. ಒಂದು ದೊಡ್ಡದು, ಒಂದು ಚಿಕ್ಕದು. ದೀಪದಡಿ ಎರಡೂ ಧಗಧಗ ಎಂದವು. ಗೌರಮ್ಮನ ಕೈ ತಾನಾಗಿಯೇ ದೊಡ್ಡದರತ್ತ ಹೋಯಿತು. ಆದರೆ ಕಣ್ಣು ಕಾಗದದ ಮೇಲೆ ನಿಂತಿತು.

"ಸಾಬ್ರೆ, ಕಾಗ್ದ ಯಾಕೆ ನೀಲಿ?"

"ದಸ್ತೂರು ಅಮ್ಮಾ. ಮೊದ್ಲಿಂದ ಇಂಗೇ."

"ನಮ್ಮನೆಯವರ ಪಂಚೆಗೆ ನಾನೂ ನೀಲಿ ಆಕ್ತೀನಿ. ಅಳದಿ ಆಗಿದ್ರೂ ಬೆಳ್ಳಗೆ ಕಾಣ್ತದೆ. ಬಿಳೀ ಕಾಗ್ದ ಕೊಡಿ."

ಸಾಹೇಬರು ಗಡ್ಡ ಸವರಿಕೊಂಡು ನಕ್ಕರು. ಬಿಳಿ ಹಾಳೆಯನ್ನು ಮಡಚಿ, ಕಲ್ಲುಗಳನ್ನು ಅದರಲ್ಲಿ ಹಿಡಿದು, ತಾವೇ ಬಾಗಿಲ ಬೆಳಕಿಗೆ ತಂದರು. ದೊಡ್ಡ ಕಲ್ಲಿನ ಒಡಲಲ್ಲಿ ತಿಳಿ ತುಪ್ಪದ ಬಣ್ಣ ಇಣುಕಿತು. ಚಿಕ್ಕದು ನೀರ ಹನಿಯಂತೆಯೇ ಇತ್ತು. ಗೌರಮ್ಮ ಇನ್ನಷ್ಟು ಬಾಗಿ ನೋಡಿದಳು. ಕಂಡದ್ದು ಯಾರೋ ಹೇಳಿಕೊಟ್ಟದ್ದಲ್ಲ, ತಾನೇ ಕಂಡದ್ದು.

"ಬಣ್ಣ ನೋಡಿದ್ರಿ ಅಕ್ಕಾರ, ಇನ್ನ ಒಳಗ ನೋಡ್ರಿ," ಎಂದು ದಾನವ್ವ ಸಾಹೇಬರ ಮಸೂರ ಕೊಟ್ಟಳು. "ಕಣ್ಣಿಗೆ ಒತ್ತಿ ಹಿಡೀರಿ. ಮಸೂರ ಅಲ್ಲಾಡಿಸಬ್ಯಾಡ್ರಿ, ಕಲ್ಲನ್ನ ಹತ್ರ ತರ್ರಿ."

ಗೌರಮ್ಮ ಮೊಣಕೈ ಊರಿ ಚಿಕ್ಕ ಕಲ್ಲನ್ನು ನೋಡಿದಳು. ಬೆಳಕಿನ ಮೆಟ್ಟಿಲುಗಳು, ಒಂದರೊಳಗೊಂದು. ಮರುಕ್ಷಣ ಬೆಚ್ಚಿಬಿದ್ದಳು.

"ಅಯ್ಯೋ ಕಾಗೆಕಾಲು. ಕರ್ರಗೆ ಮೂರು ಗೀರು. ಇಂಥ ಕಲ್ಲು ಮನೆಗೆ ಆಗಲ್ಲ, ಬ್ಯಾಡ ಸಾಬ್ರೆ."

ದಾನವ್ವ ಗಾಬರಿಯಿಂದ ಇಸಿದುಕೊಂಡು ನೋಡಿದಳು. ಆಮೇಲೆ ಗೌರಮ್ಮನ ಮುಖ ನೋಡಿ ಬಿದ್ದು ಬಿದ್ದು ನಕ್ಕಳು. "ಅಕ್ಕಾರ, ಅದು ನಿಮ್ಮ ರೆಪ್ಪಿ ಕೂದಲಾ. ನಾನೂ ಫ್ಯಾಕ್ಟರಿಗೆ ಸೇರಿದ ದಿನ ಹಿಂಗ ಕೂಗಿದ್ದೆ."

"ನನ್ ಕಣ್ಣಿಗೆ ಬೆಂಕಿ ಬೀಳ," ಎಂದು ಗೌರಮ್ಮನೂ ನಕ್ಕಳು. ಮತ್ತೆ ಕಣ್ಣರಳಿಸಿ, ಕಲ್ಲನ್ನು ನಿಧಾನ ತಿರುಗಿಸಿದಳು. ಈ ಸಲ ಅಂಚಿನಲ್ಲಿ ಸೂಜಿಮೊನೆಯಷ್ಟು ಬಿಳಿ ಚುಕ್ಕೆ. ರೆಪ್ಪೆ ಬಡಿದರೂ ಅದು ಕದಲಲಿಲ್ಲ.

"ಇದು ಕೂದ್ಲಲ್ಲ."

"ಅಲ್ಲಮ್ಮಾ, ಕಲ್ಲಿನದೇ," ಎಂದರು ಸಾಹೇಬರು. "ಮಸೂರದಲ್ಲಿ ನೋಡಿದ್ರೆ ಏನೂ ಇಲ್ಲದ ಕಲ್ಲು ಬಲು ಅಪರೂಪ. ಬರಿಗಣ್ಣಿಗೆ ಕಾಣ್ತದಾ? ನಡುಮಧ್ಯೆ ಕೂತು ಹೊಳಪು ತಿಂತದಾ? ಅದನ್ನ ನೋಡಿ."

ಗೌರಮ್ಮ ಮಸೂರ ಇಳಿಸಿದಳು. ಹತ್ತಿರ ಹಿಡಿದಳು, ದೂರ ಹಿಡಿದಳು. ಚುಕ್ಕೆ ಎಲ್ಲೂ ಇಲ್ಲ, ಬರೀ ಬೆಳಕು.

"ದೊಡ್ಡದು ಬ್ಯಾಡವಾ ಅಮ್ಮಾ? ಹನ್ನೆರಡು ಸೆಂಟು ತೂಕ. ದೂರಕ್ಕೇ ಎದ್ದು ಕಾಣ್ತದೆ."

"ಅಳದೀನೂ ಕಾಣ್ತದೆ. ಇದನ್ನೇ ಕಟ್ಟಿ. ತೂಕ, ಬಣ್ಣ, ಆ ಚುಕ್ಕೆ, ಎಲ್ಲಾನೂ ಚೀಟೀಲಿ ಬರೀರಿ."

"ಚುಕ್ಕೇನೂ ಬರೀಬೇಕಾ?"

"ಬರೀರಿ."

ದಾನವ್ವ ಪಿಸುಗುಟ್ಟಿದಳು. "ಮುನಿಗಂಗಮ್ಮಾರ ಕೈಗೆ ಆ ಚೀಟಿ ಸಿಕ್ಕರ?"

"ಸಿಗೋದೇನು, ಇವತ್ತೇ ಬಾ ಅಂತ ಏಳಿಕಳಿಸ್ತೀನಿ," ಎಂದಳು ಗೌರಮ್ಮ. "ನಿನ್ ಮಸೂರ ಕೊಟ್ಟು, ಚುಕ್ಕೆ ಎಲ್ಲದೆ ಅಂತ ನಾನೇ ತೋರಿಸ್ತೀನಿ. ಅವಳ ವಜ್ರದ ಓಲೆನೂ ಬಿಚ್ಚಿ ಬಿಳೀ ಕಾಗ್ದದ ಮ್ಯಾಲೆ ಇಡ್ಲಿ, ನೋಡನ."